ಹೊಟ್ಟು ಬಿಟ್ಟು ಮೋರಿ ಹುಡುಕುತ್ತಿದ್ದವರು

ಕಳೆದ ವಾರ ಹಳೆಯ ಆಫೀಸಿನಿಂದ ಫೋನ್ ಬಂತು. ಸರ್‌ಗೆ ಭದ್ರಾವತಿಯಲ್ಲಿ ಸನ್ಮಾನವಂತೆ, ಅದರ ಜೊತೆಗೊಂದು ಪುಸ್ತಿಕೆಯಂತೆ. "ನೀವು ಅವ್ರ ಶಿಷ್ಯೆ ಅಲ್ವಾ ಮೇಡಂ, ಎರಡು ಒಳ್ಳೆ ಮಾತು ಬರ್ದು ಕಳ್ಸಿ, ಒಂದು ಪುಟ ಸಾಕು" ಎಂದಳು ಆ ಕಡೆಯ ಹುಡುಗಿ. ಆಗಲಿ ಎಂದೆ. ಇಂಥ ಕೇಳಿಕೆಗೆ ಇಲ್ಲ ಎನ್ನುವ ಅಭ್ಯಾಸ ನಮ್ಮ ಕಡೆ ಯಾರಿಗೂ ಇಲ್ಲ. ಸಂಜೆ ಕೂತು "ಸರಳ ಸಜ್ಜನಿಕೆಯ" ಎಂದು ಬರೆದೆ. ಅಷ್ಟಕ್ಕೇ ಪೆನ್ನು ನಿಂತಿತು. ಎದ್ದು ಹೋಗಿ ನೀರು ಕುಡಿದು ಬಂದೆ.

ಆ ಹಾಳೆ ಹರಿದು ಹಾಕಿ ಇದನ್ನು ಬರೆಯುತ್ತಿದ್ದೇನೆ. ಇದು ಆ ಪುಸ್ತಿಕೆಗೆ ಹೋಗುವುದಿಲ್ಲ. ಅವರ ಹೆಸರನ್ನೂ ಬರೆಯುವುದಿಲ್ಲ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ, ಗೊತ್ತಿಲ್ಲದವರಿಗೆ ಹೆಸರು ಕಟ್ಟಿಕೊಂಡು ಆಗಬೇಕಾದ್ದೇನೂ ಇಲ್ಲ. ನಾನು ಮೂರು ವರ್ಷ ಅವರನ್ನು ಸರ್ ಎಂದೇ ಕರೆದೆ. ಇಲ್ಲೂ ಹಾಗೇ ಇರಲಿ.

ಶಿವಮೊಗ್ಗ ಸ್ಮಾರ್ಟ್ ಆಗುತ್ತಿದ್ದ ಕಾಲ ಅದು. ಬೆಳಿಗ್ಗೆ ನಡೆದುಹೋದ ರಸ್ತೆ ಸಂಜೆಗೆ ಗುಂಡಿಯಾಗಿರುತ್ತಿತ್ತು. ವಿನೋಬನಗರದಲ್ಲಿ ಒಂದು ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ನಮ್ಮ ಕಂಪನಿ. ಖಾಸಗಿಯವರದು. ಊರಿನ ಅಷ್ಟೂ ಚರಂಡಿ, ಮೋರಿ, ಕಾಲುವೆಗಳನ್ನು ಕಂಪ್ಯೂಟರಿನ ನಕ್ಷೆಗೆ ಏರಿಸುವ ಕೆಲಸ ಹಿಡಿದಿತ್ತು. ಜಿಐಎಸ್ ಎಂದರೆ ಈಗ ಎಲ್ಲರೂ ಸ್ವಲ್ಪ ಕೇಳಿರುತ್ತಾರೆ. ರಸ್ತೆಗಳದೊಂದು ಪದರ, ಮನೆಗಳದೊಂದು, ನೆಲದ ಏರುತಗ್ಗಿನದೊಂದು, ಚರಂಡಿಗಳದೊಂದು. ಒಂದರ ಮೇಲೊಂದು ಹಾಸಿ ನೋಡಿದರೆ ಇಲ್ಲಿ ಬಿದ್ದ ಮಳೆ ಎಲ್ಲಿಗೆ ಹೋಗಿ ನಿಲ್ಲುತ್ತದೆ, ಎಲ್ಲಿ ಕಟ್ಟಡ ಕಟ್ಟಬಾರದು, ಎಲ್ಲಿ ನೀರು ಇಂಗಲು ಜಾಗ ಬಿಡಬೇಕು ಎಂದು ಕೂತಲ್ಲೇ ತಿಳಿಯುತ್ತದೆ. ಮೊಮ್ಮಕ್ಕಳ ಕಾಲಕ್ಕೂ ಬಾಳುವ ಊರು ಕಟ್ಟುವುದು ಹೀಗೇ ಎಂದು ನಮ್ಮ ಡೈರೆಕ್ಟರು ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ಅದನ್ನು ನಂಬಿದ್ದೆ. ಈಗಲೂ ನಂಬುತ್ತೇನೆ, ಅದೇ ಕಷ್ಟ. ಕಂಪ್ಯೂಟರು ತಾನಾಗಿ ಎದ್ದು ಹೋಗಿ ಚರಂಡಿ ನೋಡಿ ಬರುವುದಿಲ್ಲ. ಯಾರಾದರೂ ನೋಡಿ ಬಂದು ಹೇಳಬೇಕು. ಆ ಯಾರೋ ಸುಳ್ಳು ಹೇಳಿದರೆ ಅದು ಆ ಸುಳ್ಳನ್ನೇ ಬಣ್ಣ ಹಾಕಿ ತೋರಿಸುತ್ತದೆ.

ನಾನು ಸೇರಿದಾಗ ಸರ್‌ಗೆ ಐವತ್ತಾರೋ ಐವತ್ತೇಳೋ. ದಿನಾ ಭದ್ರಾವತಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅಲ್ಲಿನ ಒಂದು ಕಾರ್ಖಾನೆಯ ಡ್ರಾಯಿಂಗ್ ಸೆಕ್ಷನ್ನಿನಲ್ಲಿ ಟ್ರೇಸಿಂಗ್ ಬಟ್ಟೆಯ ಮೇಲೆ ಮಸಿಯಲ್ಲಿ ನಕ್ಷೆ ಎಳೆದು ಪಳಗಿದ ಕೈ. ಕೆಲಸ ಕಡಿಮೆಯಾಗಿ ಅಲ್ಲಿಂದ ಬಿಡಿಸಿಕೊಂಡು ಬಂದು, ನಲವತ್ತೈದು ದಾಟಿದ ಮೇಲೆ ಕಂಪ್ಯೂಟರ್ ಕಲಿತವರು. ಇಸ್ತ್ರಿ ಮಾಡಿದ ಬಿಳಿ ತುಂಬುತೋಳಿನ ಅಂಗಿ, ಜೇಬಿನಲ್ಲಿ ನಾಲ್ಕು ಪೆನ್ನು. ಹೊರಗೆ ಯಾರ ಮನೆಯಲ್ಲೂ ಒಂದು ಲೋಟ ನೀರು ಕೂಡ ಮುಟ್ಟುತ್ತಿರಲಿಲ್ಲ.

ಭೂಗೋಳ ಓದಿ, ಸಾಫ್ಟ್‌ವೇರ್ ಕೋರ್ಸ್ ಮಾಡಿಕೊಂಡು ಹೋಗಿದ್ದ ನಾನು ಮೊದಲ ದಿನವೇ ಒಂದು ಕಂಪ್ಯೂಟರ್ ಕೊಡುತ್ತಾರೆ ಎಂದುಕೊಂಡಿದ್ದೆ. ಸರ್ ನನ್ನನ್ನು ಆಫೀಸಿನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಿ ಒಂದು ತೆರೆದ ಮೋರಿಯ ಮುಂದೆ ನಿಲ್ಲಿಸಿದರು. ನಾನು ದುಪಟ್ಟಾದಲ್ಲಿ ಮೂಗು ಮುಚ್ಚಿಕೊಂಡೆ.

"ತೆಗಿ ಅದನ್ನ" ಎಂದರು. "ಮೂಗು ಮುಚ್ಕೊಂಡ್ರೆ ಯಾವ್ದು ಅಡುಗೆಮನೆ ನೀರು, ಯಾವ್ದು ಕಕ್ಕಸಿನ ನೀರು ಹೆಂಗೆ ಗೊತ್ತಾಗುತ್ತೆ ಮಾರಾಯ್ತಿ? ಮೊದ್ಲು ವಾಸನೆ ತಗೋ, ಆಮೇಲೆ ಗೆರೆ ಎಳಿ."

ತೆಗೆದೆ. ವಾಂತಿ ಬಂತು, ಪಕ್ಕಕ್ಕೆ ಹೋಗಿ ಮಾಡಿಕೊಂಡೆ. ಅವರು ತಮ್ಮ ಕರ್ಚೀಫು ಕೊಟ್ಟು, ನಾನು ಸುಧಾರಿಸಿಕೊಳ್ಳುವ ತನಕ ಬೇರೆ ಕಡೆ ನೋಡುತ್ತ ನಿಂತರು. ಆ ಮರ್ಯಾದೆ ನನಗೆ ಹಿಡಿಸಿತು. ಮನೆಗೆ ಹೋಗಿ ಅಮ್ಮನಿಗೆ, ನನಗೊಬ್ಬರು ಗುರು ಸಿಕ್ಕಿದ್ದಾರೆ ಎಂದೆ.

ಮೋರಿಗಳು ನೆಲದ ಕೆಳಗೆ ಹೋಗಿಬಿಡುತ್ತವೆ. ಮೇಲೆ ಅಂಗಡಿ, ಮನೆ, ದೇವಸ್ಥಾನದ ಕಟ್ಟೆ ಬಂದಿರುತ್ತದೆ. ಈ ಕಡೆ ಒಳಹೊಕ್ಕ ನೀರು ಆ ಕಡೆ ಎಲ್ಲಿ ಹೊರಬೀಳುತ್ತದೆ ಎಂದು ಹೇಗೆ ತಿಳಿಯುವುದು? ಇದಕ್ಕೆ ಸರ್ ಕಂಡುಕೊಂಡಿದ್ದು ಭತ್ತದ ಹೊಟ್ಟು. ಒಂದು ಚೀಲ ಹೊಟ್ಟನ್ನು ಈ ಬಾಯಲ್ಲಿ ಸುರಿದು, ಅಂದಾಜಿರುವ ಜಾಗಗಳಲ್ಲಿ ನಿಂತು ಕಾಯುವುದು. ಕಪ್ಪು ನೀರಿನ ಮೇಲೆ ಹೊಂಬಣ್ಣದ ಹೊಟ್ಟು ತೇಲಿ ಬಂದಾಗ ಆ ಎರಡು ಬಾಯಿಗಳನ್ನು ಜೋಡಿಸಿ ಗೆರೆ ಎಳೆಯುವುದು. ನಾನು ಹೊಳೆಹೊನ್ನೂರಿನಿಂದ ಓಡಾಡುತ್ತಿದ್ದವಳು, ನಮ್ಮ ಮನೆ ಹಿಂದೆಯೇ ಅಕ್ಕಿ ಗಿರಣಿ. ಹಾಗಾಗಿ ಹೊಟ್ಟು ತರುವ ಕೆಲಸ ನನ್ನ ಪಾಲಿಗೆ ಬಂತು. ಪ್ರತಿ ಸೋಮವಾರ ಬಸ್ಸಿನಲ್ಲಿ ಮಡಿಲ ಮೇಲೆ ಒಂದು ಚೀಲ. "ನಿಮ್ಮ ಆಫೀಸಲ್ಲಿ ಎಮ್ಮೆ ಏನಾದ್ರೂ ಕಟ್ಟಿದಾರೇನೇ?" ಎಂದು ಅಮ್ಮ ಕೇಳುತ್ತಿದ್ದಳು.

ಹೊಟ್ಟು ಬರುವ ತನಕ ಸರ್ ಮೋರಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತಿದ್ದರು. ಮಾತಿಲ್ಲ. ಬಿಳಿ ಅಂಗಿಗೆ ಒಂದು ಹನಿ ಸಿಡಿದದ್ದನ್ನೂ ನಾನು ಕಂಡಿಲ್ಲ. ಬಂದ ಕೂಡಲೇ "ಬಂದ್ಯಾ" ಎಂದು ಮೆಲ್ಲಗೆ ಹೊಟ್ಟನ್ನೇ ಮಾತಾಡಿಸುತ್ತಿದ್ದರು. ಆಫೀಸಿಗೆ ಬಂದು ಮಾನಿಟರಿನ ಮೇಲೆ ಗೆರೆ ಎಳೆಯುವಾಗ ಉಸಿರು ಬಿಗಿಹಿಡಿಯುತ್ತಿದ್ದರು. ಬಟ್ಟೆಯ ಮೇಲೆ ಮಸಿಯ ಗೆರೆ ಎಳೆಯುವಾಗ ಉಸಿರಾಡಿದರೆ ಕೈ ಅಲುಗುತ್ತದಂತೆ. ಮೌಸಿಗೆ ಅದೆಲ್ಲ ಬೇಕಿಲ್ಲ. ಆದರೂ ಬಿಡಲಿಲ್ಲ.

ಗೆರೆಯ ಒಂದು ತುದಿ ಎಲ್ಲಿಗೂ ಸೇರದೆ ಹಾಗೇ ನಿಂತರೆ ನಮ್ಮ ಸಾಫ್ಟ್‌ವೇರ್ ಅಲ್ಲೊಂದು ಕೆಂಪು ಚುಕ್ಕೆ ಇಡುತ್ತದೆ. ತಪ್ಪು ಎಂದು ಅರ್ಥ. ಚರಂಡಿ ಎಂದ ಮೇಲೆ ಇನ್ನೊಂದು ಚರಂಡಿಗೋ ಹೊಳೆಗೋ ಸೇರಲೇಬೇಕು ಎಂಬುದು ಅದರ ಲೆಕ್ಕಾಚಾರ. ಕೆಂಪು ಚುಕ್ಕೆ ಒಂದೂ ಇಲ್ಲ ಎಂದಾದ ಮೇಲೆಯೇ ನಕ್ಷೆಯ ಆ ತುಂಡು, ನಾವು ಶೀಟು ಎನ್ನುವುದು, ಒಪ್ಪಿತವಾಗುವುದು. ಬೇರೆ ಕಂಪನಿಗಳಲ್ಲಿ ಇದಕ್ಕೆ ಸುಲಭದ ದಾರಿ ಇದೆ. ತುದಿಯನ್ನು ಹಿಡಿದು ಹತ್ತಿರದ ಮ್ಯಾನ್‌ಹೋಲಿಗೆ ಎಳೆದು ಅಂಟಿಸಿಬಿಡುತ್ತಾರೆ. ಚುಕ್ಕೆ ಮಾಯ. ಹಾಗೆ ಮಾಡುವವರನ್ನು ಕಂಡರೆ ಸರ್‌ಗೆ ಆಗುತ್ತಿರಲಿಲ್ಲ. "ಅವ್ರು ಮಾಡೋದು ಮ್ಯಾಪಲ್ಲ, ಕಸೂತಿ" ಎನ್ನುತ್ತಿದ್ದರು. ಒಮ್ಮೆ ನಾನು ಸೋಮಾರಿತನಕ್ಕೆ ಹಾಗೆ ಅಂಟಿಸಿದಾಗ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದರು.

ಪ್ರತಿ ಗೆರೆಗೂ ಒಂದು ಕಾಲಂ ಇರುತ್ತದೆ, ಸ್ಥಳದಲ್ಲಿ ಪರಿಶೀಲಿಸಿದವರು ಯಾರು ಎಂದು. ಅಲ್ಲಿಗೆ ಬಂದಾಗ ಸರ್ ಎದ್ದು ನಿಂತು ಕುರ್ಚಿ ಬಿಟ್ಟುಕೊಡುತ್ತಿದ್ದರು. "ನಿನ್ ಇನಿಷಿಯಲ್ ಹಾಕು ಮಾರಾಯ್ತಿ. ನಾಳೆ ನಿಂದೇ ಹೆಸ್ರು ಉಳಿಯೋದು." ಎಂಥ ದೊಡ್ಡ ಮನಸ್ಸು ಎಂದುಕೊಂಡು ನಾನು ಹಾಕುತ್ತಿದ್ದೆ. ಮೂರು ವರ್ಷದ ಅಷ್ಟೂ ಶೀಟುಗಳಲ್ಲಿ ಅವರ ಇನಿಷಿಯಲ್ ಒಂದು ಕಡೆಯೂ ಇಲ್ಲವೆಂದು ನಾನು ಹುಡುಕಿ ನೋಡಿದ್ದು ಆಮೇಲೆ.

ಹೊಟ್ಟಿನ ಕತೆ ಡೈರೆಕ್ಟರಿಗೆ ಬಲು ಇಷ್ಟವಾಯಿತು. ಹೊರಗಿನವರು ನೋಡಲು ಬಂದಾಗಲೆಲ್ಲ ಪರದೆಯ ಮೇಲೆ ಹಸಿರು ನೀಲಿ ನಕ್ಷೆ ತೋರಿಸಿ, ಕೊನೆಗೆ ಸರ್ ಅವರನ್ನು ಎಬ್ಬಿಸುತ್ತಿದ್ದರು. ಸರ್ ಒಂದು ಹಿಡಿ ಹೊಟ್ಟು ಎತ್ತಿ ತೋರಿಸಿ, ತಾವೇ ಬರೆದು ಬಾಯಿಪಾಠ ಮಾಡಿದ್ದ ನಾಲ್ಕು ಇಂಗ್ಲಿಷ್ ವಾಕ್ಯ ಹೇಳುತ್ತಿದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು. ಶುರುವಿನಲ್ಲಿ ಅವರಿಗೆ ಸಂಕೋಚವಿತ್ತು. ಬರುಬರುತ್ತಾ ಆ ದಿನಗಳಲ್ಲಿ ಹೊಸ ಅಂಗಿ ಹಾಕಿಕೊಂಡು ಬರತೊಡಗಿದರು. ನಾನು ಅದನ್ನು ನೋಡಿ ನಗುತ್ತಿದ್ದೆ, ಅಷ್ಟೆ.

ಕೋಟೆಯ ಹಿಂಭಾಗದಲ್ಲಿ, ಹೊಳೆಯ ಕಡೆಗೆ ಇಳಿಯುವ ಒಂದು ಗಲ್ಲಿ. ಅಲ್ಲಿ ಸಾಲು ಮನೆಗಳ ಹಿಂದೆ ಹಳೆಯ ಕಲ್ಲಿನ ಮೋರಿ. ಮುಂದಿನ ರಸ್ತೆಗೆ ಹಿಂದಿನ ವರ್ಷ ಹೊಸ ಫುಟ್‌ಪಾತ್ ಆಗಿತ್ತು. ನಮ್ಮ ನಕ್ಷೆಯಲ್ಲಿ ಆ ಮೋರಿಯ ತುದಿಗೆ ಕೆಂಪು ಚುಕ್ಕೆ. ಒಂದು ಬೆಳಿಗ್ಗೆ ನಾವಿಬ್ಬರೂ ಹೋಗಿ ಮೇಲಿನ ಬಾಯಲ್ಲಿ ಹೊಟ್ಟು ಸುರಿದೆವು. ಸರ್ ಹೊಳೆಯ ಬದಿಗೆ ಹೋಗಿ ಕೂತರು, ನಾನು ರಸ್ತೆಯ ಮ್ಯಾನ್‌ಹೋಲಿನ ಹತ್ತಿರ ನಿಂತೆ. ಒಂದು ಗಂಟೆ ಕಾದರೂ ಎಲ್ಲೂ ಬರಲಿಲ್ಲ.

ಅಷ್ಟರಲ್ಲಿ ಒಂದು ಮನೆಯಿಂದ ಹೆಂಗಸೊಬ್ಬರು ಹೊರಗೆ ಬಂದರು. ಕೈಯಲ್ಲಿ ಕಸದ ಮೊರ. ಮೊರದ ತುಂಬ ಒದ್ದೆ ಹೊಟ್ಟು, ಅದರ ಜೊತೆ ಏನೇನೋ. ಆ ವಾಸನೆ ಇಲ್ಲಿ ಬರೆಯುವಂಥದ್ದಲ್ಲ.

"ಇದು ನಿಮ್ದಾ?" ಎಂದು ಕೇಳಿದರು.

"ಎಲ್ಲಿ ಸಿಕ್ತು?"

"ನಮ್ ಬಚ್ಚಲಲ್ಲಿ ಬಂತು. ದಿನಾ ಬೇರೆ ಬರುತ್ತೆ, ಇವತ್ತು ಇದು."

ಅವರು ಸೆಲ್ವಮ್ಮ. ಭದ್ರಾವತಿಯವರು, ಗಂಡ ತೀರಿಕೊಂಡ ಮೇಲೆ ಶಿವಮೊಗ್ಗಕ್ಕೆ ಬಂದು ಬ್ಲೌಸ್ ಹೊಲಿದು ಬದುಕುತ್ತಿದ್ದರು. ಒಳಗೆ ಹೋಗಿ ನೋಡಿದೆವು. ಬಚ್ಚಲಿನ ತೂತಿನಿಂದ ಇಡೀ ಸಾಲಿನ ಮನೆಗಳ ಕಕ್ಕಸಿನ ನೀರು ಉಕ್ಕಿ ಬಂದು ನಡುಮನೆಯ ಹೊಸಿಲಿನ ತನಕ ನಿಂತಿತ್ತು. ಹೊಲಿಗೆ ಮಿಷನ್ನಿನ ಕಾಲಿಗೆ ನಾಲ್ಕು ಇಟ್ಟಿಗೆ ಕೊಟ್ಟು ಎತ್ತರಿಸಿದ್ದರು. ಗಿರಾಕಿಗಳ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೇಲಿನ ಮೊಳೆಗೆ ನೇತುಹಾಕಿದ್ದರು.

"ಫುಟ್‌ಪಾತ್ ಆದ್ಮೇಲೇ ಸಾರ್ ಹಿಂಗಾಗಿದ್ದು. ಬಟ್ಟೆ ಕೊಡೋಕೆ ಬಂದೋರು ಬಾಗ್ಲಲ್ಲೇ ಮೂಗು ಮುಚ್ಕೊಂಡು ವಾಪಸ್ ಹೋಗ್ತಾರೆ. ಹೊಲ್ದು ಕೊಟ್ಟಿದ್ದನ್ನೂ ವಾಸ್ನೆ ಬರುತ್ತೆ ಅಂತ ತಂದ್ಕೊಟ್ರು. ಇನ್ನೊಂದು ಮಳೆಗಾಲ ಹಿಂಗೇ ಆದ್ರೆ ನಾನು ಈ ಕೆಲ್ಸ ಬಿಡ್ಬೇಕು. ಬೇರೆ ಕೆಲ್ಸ ನಂಗೆ ಬರಲ್ಲ."

ಭದ್ರಾವತಿಯವರೆಂದ ಮೇಲೆ, ಸೆಲ್ವಮ್ಮನ ಅಪ್ಪ ಕಾರ್ಖಾನೆಯ ಯಾವ ಸೆಕ್ಷನ್ನಿನಲ್ಲಿದ್ದರು ಎಂದು ಸರ್ ಕೇಳಿದರು. ಸೆಲ್ವಮ್ಮ ಹೇಳಿದರು. "ಅಯ್ಯೋ, ನಮ್ಮೋರೇ" ಎಂದರು ಸರ್. ಆಮೇಲೆ ಹೊಸಿಲ ಮೇಲೆ ನಿಂತು ಅವರು ಕೊಟ್ಟ ಕಾಫಿ ಕುಡಿದರು. ಹೊರಗೆ ನೀರು ಮುಟ್ಟದ ಮನುಷ್ಯ, ಆ ವಾಸನೆಯ ನಡುವೆ, ಲೋಟ ಖಾಲಿಯಾಗುವ ತನಕ ಕುಡಿದರು. ಲೋಟ ಕೊಡುವಾಗ "ಇದು ಮ್ಯಾಪಲ್ಲಿ ಬರುತ್ತಮ್ಮ. ಬಂದ್ಮೇಲೆ ಯಾರೂ ಇಲ್ಲ ಅನ್ನಕ್ಕಾಗಲ್ಲ. ನಾನು ಹಾಕ್ತೀನಿ" ಎಂದರು. ಸೆಲ್ವಮ್ಮ ಕೈ ಮುಗಿದರು. ನನಗೆ ಕಣ್ಣು ತುಂಬಿ ಬಂತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಆಫೀಸಿಗೆ ಬಂದು ಅವರು ಆ ಫುಟ್‌ಪಾತಿನ ಹಳೆಯ ಡ್ರಾಯಿಂಗ್ ತೆಗೆದರು. ನಾನು ಹಿಂದಿನಿಂದ ಬಗ್ಗಿ ನೋಡಿದೆ. ಕೆಳಗಿನ ಮೂಲೆಯಲ್ಲಿ ರಚಿಸಿದವರು ಎಂಬಲ್ಲಿ ಅವರದೇ ಹೆಸರಿತ್ತು. ನಾನು ಸೇರುವ ಮೊದಲು ಮಾಡಿದ್ದು. ಜಾಗಕ್ಕೆ ಹೋಗದೆ, ಡ್ರೋನ್ ತೆಗೆದ ಫೋಟೋ ನೋಡಿಕೊಂಡು ಕೂತಲ್ಲೇ ಎಳೆದಿದ್ದರು. ಫೋಟೋದಲ್ಲಿ ಆ ಮೋರಿಯ ಮೇಲೆ ಯಾರೋ ನೀಲಿ ತಾಡಪಾಲು ಹಾಸಿದ್ದರು. ಮೋರಿ ಕಂಡಿಲ್ಲ, ಇಲ್ಲ ಎಂದು ಎಳೆದಿದ್ದಾರೆ. ಫುಟ್‌ಪಾತಿನ ಕಾಂಕ್ರೀಟ್ ಅದರ ಬಾಯಿಗೇ ಬಿದ್ದಿದೆ.

ತಪ್ಪು ಯಾರಿಗೆ ಆಗುವುದಿಲ್ಲ? ಇಷ್ಟಕ್ಕೇ ನಿಂತಿದ್ದರೆ ಇವತ್ತು ನಾನು ಸಂತೋಷದಿಂದ ಒಂದು ಪುಟವಲ್ಲ, ಹತ್ತು ಪುಟ ಬರೆದು ಕಳಿಸುತ್ತಿದ್ದೆ. ತಾಡಪಾಲಿನ ಮೇಲಿಂದ ಯಾರು ನೋಡಿದ್ದರೂ ಹಾಗೇ ಆಗುತ್ತಿತ್ತು. ನಾಲ್ಕು ತಿಂಗಳಲ್ಲಿ ನಿವೃತ್ತಿಯಿದ್ದ ಮನುಷ್ಯ, "ಇಲ್ಲಿ ನನ್ನ ಕಣ್ಣು ತಪ್ಪಿತು, ಒಡೆದು ಸರಿ ಮಾಡಿ" ಎಂದಿದ್ದರೆ ಡೈರೆಕ್ಟರು ಒಂದು ದಿನ ಮುಖ ಗಂಟಿಕ್ಕುತ್ತಿದ್ದರು. ಅಷ್ಟೇ ಆಗುತ್ತಿದ್ದದ್ದು.

ಒಂದು ವಾರ ಆ ಶೀಟನ್ನು ಅವರು ಮುಟ್ಟಲಿಲ್ಲ. ಗುರುವಾರ ಹೊರಗಿನವರು ನಕ್ಷೆ ನೋಡಲು ಬರುವವರಿದ್ದರು. ಬುಧವಾರ ಮಧ್ಯಾಹ್ನ ಡೈರೆಕ್ಟರು ಬಂದು, "ಎಷ್ಟು ಎರರ್ ಉಳಿದಿದೆ?" ಎಂದು ಕೇಳಿದರು.

"ಒಂದು" ಎಂದೆ ನಾನು.

"ಮುಗ್ಸಿ" ಎಂದು ಹೋದರು.

ಸರ್ ಶೀಟು ತೆರೆದರು. ನಾನು ಪಕ್ಕದಲ್ಲೇ ಕೂತಿದ್ದೆ. ಕೆಂಪು ಚುಕ್ಕೆಯ ಮೇಲೆ ಮೌಸ್ ಇಟ್ಟರು. ಉಸಿರು ಬಿಗಿಹಿಡಿದರು. ಗೆರೆಯ ತುದಿಯನ್ನು ಹಿಡಿದು, ಫುಟ್‌ಪಾತ್ ದಾಟಿಸಿ, ಹನ್ನೊಂದು ಮೀಟರ್ ಎಳೆದು, ರಸ್ತೆಯ ಮ್ಯಾನ್‌ಹೋಲಿಗೆ ಅಂಟಿಸಿದರು. ಗೆರೆ ಬಲು ಅಚ್ಚುಕಟ್ಟಾಗಿ ಕೂತಿತು. ಚುಕ್ಕೆ ಹೋಯಿತು. ಆಮೇಲೆ ಎದ್ದು ನಿಂತು ಕುರ್ಚಿ ನನ್ನ ಕಡೆಗೆ ತಿರುಗಿಸಿದರು.

"ಇನಿಷಿಯಲ್ ಹಾಕು ಮಾರಾಯ್ತಿ."

"ಸರ್, ಸೆಲ್ವಮ್ಮ..."

"ಅವ್ರ ಮೋರಿ ಮ್ಯಾಪಲ್ಲಿ ಬಂತಲ್ಲ? ಹಾಕ್ತೀನಿ ಅಂದಿದ್ದೆ, ಹಾಕಿದೀನಿ. ಇಷ್ಟು ದಿನ ಇಲ್ದೇ ಇದ್ದಿದ್ದು ಈಗ ಇದೆ."

ಇಂಥ ಮಾತನ್ನು ಅವರು ಮುಖ ಒಂದಿಷ್ಟೂ ಅಲುಗದೆ ಹೇಳಿದರು. ನಾನು ಹಾಕಿದೆ. ಎರಡೇ ಅಕ್ಷರ. ಗುರುವಾರ ಅವರು ಹಿಡಿ ಹೊಟ್ಟು ಎತ್ತಿ ತೋರಿಸಿದರು, ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅವರ ಮೇಲೆ ನನಗಿರುವ ಹೇಸಿಗೆಯಲ್ಲಿ ಅರ್ಧ ಪಾಲು ನನ್ನದೇ. ಅದನ್ನು ಬಚ್ಚಿಟ್ಟು ಈ ಬರಹ ಬರೆದರೆ ನಾನೂ ಅವರ ಜಾತಿಯೇ ಆದೇನು.

ನಾಲ್ಕು ತಿಂಗಳ ಮೇಲೆ ಅವರಿಗೆ ಶಾಲು ಹೊದಿಸಿ ಕಳಿಸಿಕೊಟ್ಟೆವು. ಅವರ ಕುರ್ಚಿ ನನಗೆ ಬಂತು. ಮಳೆ ಶುರುವಾಯಿತು. ಜನರು ದೂರು ಕೊಡಲೆಂದು ನಮ್ಮ ಕಂಪನಿಯೇ ಒಂದು ಆಪ್ ಮಾಡಿತ್ತು. ದೂರು ಬಂದ ಕೂಡಲೇ ಅದು ನಕ್ಷೆ ನೋಡಿ ತಾನೇ ಉತ್ತರ ಕೊಡುತ್ತಿತ್ತು. ಸೆಲ್ವಮ್ಮನಿಗೆ ಪಕ್ಕದ ಮನೆಯವರು ಆಪ್ ಹಾಕಿಕೊಟ್ಟಿದ್ದರು. ಅವರು ಕೊಟ್ಟ ಒಂದೊಂದು ದೂರಿಗೂ ಒಂದೇ ಉತ್ತರ: ನಿಮ್ಮ ಮನೆಯ ಹಿಂದಿನ ಚರಂಡಿ ಮುಖ್ಯ ಮೋರಿಗೆ ಸೇರಿದೆ. ತೊಂದರೆ ಮನೆಯೊಳಗಿನ ಪೈಪಿನದು. ನೀವೇ ಸರಿಪಡಿಸಿಕೊಳ್ಳಿ. ದೂರು ಮುಕ್ತಾಯ. ಪರಿಶೀಲಿಸಿದವರು ಎಂಬಲ್ಲಿ ನನ್ನ ಎರಡಕ್ಷರ.

ಅದು ನನ್ನ ಹೆಸರೆಂದು ಅವರಿಗೆ ತಿಳಿಯಲಿಲ್ಲ. ನನಗೇ ಫೋನ್ ಮಾಡಿದರು. ಕಾಫಿ ಕೊಟ್ಟ ದಿನ ನನ್ನ ನಂಬರ್ ಬರೆದಿಟ್ಟುಕೊಂಡಿದ್ದರಂತೆ.

"ಮೇಡಂ, ನಮ್ ಸಾರ್ ಮ್ಯಾಪಲ್ಲಿ ಹಾಕಿದಾರಲ್ವಾ? ಮತ್ಯಾಕೆ ಇವ್ರು ಹಿಂಗಂತಾರೆ? ಮಿಷನ್ ಪಕ್ಕದ ಮನೇಲಿ ಇಟ್ಟಿದೀನಿ. ಅವ್ರು ಎಷ್ಟು ದಿನ ಇಟ್ಕೋತಾರೆ?"

ನೋಡುತ್ತೇನೆ ಎಂದೆ. ಎರಡನೆಯ ಸಲ ಫೋನ್ ಬಂದಾಗಲೂ ನೋಡುತ್ತೇನೆ ಎಂದೆ. ಮೂರನೆಯ ಸಲ ಫೋನ್ ಎತ್ತಲಿಲ್ಲ. ಆ ಭಾನುವಾರ ಒಂದು ಕಾಗದ ಬರೆದುಕೊಂಡು ಭದ್ರಾವತಿಯ ಬಸ್ಸು ಹತ್ತಿದೆ.

ಸರ್ ಮನೆಯ ಮುಂದೆ ಗುಲಾಬಿ ಗಿಡಗಳ ಬುಡ ಬಿಡಿಸುತ್ತಿದ್ದರು. ಮೊಣಕೈವರೆಗೆ ಮಣ್ಣು. ನನ್ನನ್ನು ಕಂಡು ನಿಜವಾಗಿಯೂ ಸಂತೋಷಪಟ್ಟರು. ಅವರ ಹೆಂಡತಿ ಮಂಡಕ್ಕಿ ಕಲಸಿ ತಂದರು. ನಾನು ಕಾಗದ ಕೊಟ್ಟೆ. ಕೋಟೆ ಹಿಂಭಾಗದ ಆ ಮೋರಿ ಮ್ಯಾನ್‌ಹೋಲಿಗೆ ಸೇರಿಲ್ಲ, ಫುಟ್‌ಪಾತಿನ ಕೆಳಗೆ ಮುಚ್ಚಿಹೋಗಿದೆ, ನಕ್ಷೆಯಲ್ಲಿ ಹತ್ತು ಮೀಟರ್ ಗೆರೆ ಸುಳ್ಳು ಎಂದು ಬರೆದಿದ್ದೆ. ಕೆಳಗೆ ಇಬ್ಬರ ಸಹಿಗೆ ಜಾಗ ಬಿಟ್ಟಿದ್ದೆ.

ಅವರು ಕೈ ತೊಳೆದು, ಕನ್ನಡಕ ಹಾಕಿಕೊಂಡು ಇಡೀ ಕಾಗದ ಓದಿದರು. ಜೇಬಿನಿಂದ ಪೆನ್ನು ತೆಗೆದರು. ನನ್ನ ಎದೆ ಹಗುರಾಯಿತು. ಅವರು ಹತ್ತು ಎಂಬುದನ್ನು ಹೊಡೆದು ಹಾಕಿ ಹನ್ನೊಂದು ಎಂದು ತಿದ್ದಿ, ಕಾಗದ ವಾಪಸ್ ಕೊಟ್ಟರು.

"ಸೈನ್, ಸರ್?"

"ಕಾಲಂನಲ್ಲಿ ಇರೋದು ನಿನ್ ಇನಿಷಿಯಲ್ಲು. ನಾನ್ಯಾಕೆ ಮಧ್ಯೆ ಬರ್ಲಿ?"

"ಎಳ್ದಿದ್ದು ನೀವು."

"ಯಾರು ನೋಡಿದಾರೆ?"

"ನಾನು ನೋಡಿದೀನಿ."

"ನೋಡ್ದೋಳು ಯಾಕೆ ಇನಿಷಿಯಲ್ ಹಾಕ್ದೆ?" ಎಂದರು. ಜೋರು ಮಾಡಲಿಲ್ಲ, ಪಾಠ ಹೇಳುವ ದನಿಯಲ್ಲೇ ಕೇಳಿದರು. "ತಿನ್ನು, ಮಂಡಕ್ಕಿ ಮೆತ್ತಗಾಗುತ್ತೆ."

ಮಂಡಕ್ಕಿ ಅಲ್ಲೇ ಬಿಟ್ಟು ಎದ್ದು ಬಂದೆ. ಬಸ್ ಸ್ಟ್ಯಾಂಡಿನಲ್ಲಿ ಅವರ ಸಹಿಗೆ ಬಿಟ್ಟಿದ್ದ ಜಾಗವನ್ನು ಮಡಿಸಿ ಹರಿದುಹಾಕಿದೆ. ಅವರ ಹೆಸರನ್ನೂ ಬರೆಯಬಹುದಿತ್ತು. ಬರೆಯಲಿಲ್ಲ. ಸಾಕ್ಷಿ ಇಲ್ಲ ಎಂಬುದು ಒಂದು ಕಾರಣ. ಇನ್ನೊಂದು, ಅಷ್ಟಾದರೂ ಆ ಮನುಷ್ಯನ ಹೆಸರು ಬರೆಯಲು ಕೈ ಏಳಲಿಲ್ಲ. ಈ ಗುರುಭಕ್ತಿ ಎನ್ನುವುದು ಎಂಥ ಹೊಲಸು ರೋಗ ಎಂದು ನನಗೆ ಅವತ್ತು ತಿಳಿಯಿತು.

ಸೋಮವಾರ ಆಫೀಸಿಗೆ ಹೋಗಿ ಆ ಹನ್ನೊಂದು ಮೀಟರ್ ಅಳಿಸಿದೆ. ಕೆಂಪು ಚುಕ್ಕೆ ಮತ್ತೆ ಬಂತು. ಸ್ಥಳ ನೋಡಿಯೂ ತಪ್ಪಾಗಿ ನಮೂದಿಸಿದ್ದು ನಾನು ಎಂದು ಕಾಗದ ಬರೆದು ಡೈರೆಕ್ಟರಿಗೆ ಕೊಟ್ಟೆ. ಅದರದೇ ಇನ್ನೊಂದು ಪ್ರತಿ ಹಿಡಿದು ಸೆಲ್ವಮ್ಮನ ಮನೆಗೆ ಹೋಗಿ ಓದಿ ಹೇಳಿದೆ. ಅವರು ಒದ್ದೆ ನೆಲದಲ್ಲಿ ನಿಂತೇ ಕೇಳಿದರು.

"ಸಾರ್ ಅಷ್ಟು ಹೇಳಿದ್ರೂ ನೀನು ಹಾಕ್ಲಿಲ್ವಾ?"

ಅಲ್ಲಿಯ ತನಕ ಅವರು ನನ್ನನ್ನು ನೀವು ಎನ್ನುತ್ತಿದ್ದರು. ಅಲ್ಲ, ಸರ್ ಅವರೇ ಎಂಬ ಮಾತು ನಾಲಿಗೆ ತುದಿಗೆ ಬಂತು. ಆದರೆ ಕೈಯಲ್ಲಿದ್ದ ಕಾಗದದಲ್ಲಿ ಇದ್ದದ್ದು ನನ್ನ ಹೆಸರೊಂದೇ. ಈಗ ಇನ್ನೊಬ್ಬರ ಕಡೆ ಕೈ ತೋರಿಸಿದರೆ ಯಾರು ನಂಬುತ್ತಾರೆ? ಅವರು ಕಾಗದ ಕಿತ್ತುಕೊಂಡು ಸೆರಗಿಗೆ ಕಟ್ಟಿಕೊಂಡರು.

ಆ ವಾರವೇ ಡೈರೆಕ್ಟರು ನನಗೆ ಬೇರೆ ಕಡೆ ನೋಡಿಕೊಳ್ಳಲು ಹೇಳಿದರು. ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಸೆಲ್ವಮ್ಮ ಆ ಕಾಗದ ಹಿಡಿದು ಕಂಡಕಂಡ ಆಫೀಸಿನ ಮೆಟ್ಟಿಲು ಹತ್ತಿ ಇಳಿದರು. ನಕ್ಷೆಯಲ್ಲಿ ಕೆಂಪು ಚುಕ್ಕೆ ಇದ್ದದ್ದರಿಂದ ಆಪ್‌ಗೂ ಅವರ ದೂರನ್ನು ಮುಗಿಸಲು ಬರಲಿಲ್ಲ. ಮೂರು ವಾರದ ಮೇಲೆ ಕೆಲಸದವರು ಬಂದು ಫುಟ್‌ಪಾತ್ ಒಡೆದು ಪೈಪ್ ಹಾಕತೊಡಗಿದರು. ನಾನು ಸರ್‌ಗೆ ಫೋನ್ ಮಾಡಿ ಹೇಳಿದೆ. ನಾಚಿಕೆಯಾಗಲಿ ಎಂದೇ ಹೇಳಿದೆ.

ಅವರು ಮಾರನೆಯ ದಿನ ಬಂದುಬಿಟ್ಟರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ನಾಲ್ಕು ಪೆನ್ನು. ನಾನು ಅಲ್ಲೇ ಇದ್ದೆ. ಅವರು ಗುಂಡಿಯ ಅಂಚಿನಲ್ಲಿ ನಿಂತು ಪ್ಯಾಂಟಿನ ಮಡಿಕೆ ಹಿಡಿದು ಬಗ್ಗಿ ನೋಡಿದರು. ಪೈಪು ಮೋರಿಯಿಂದ ನೇರವಾಗಿ ಫುಟ್‌ಪಾತ್ ದಾಟಿ ಮ್ಯಾನ್‌ಹೋಲಿಗೆ ಹೋಗಿತ್ತು.

"ನಾನು ಎಳ್ದಲ್ಲೇ ಹಾಕಿದಾರೆ ನೋಡು ಮಾರಾಯ್ತಿ" ಎಂದರು ನನಗೆ ಮಾತ್ರ ಕೇಳುವ ಹಾಗೆ. ಅವರ ಮುಖದಲ್ಲಿ ಹೆಮ್ಮೆ ಇತ್ತು. ಮೊದಲ ದಿನದ ಹಾಗೆ ನಾನು ದುಪಟ್ಟಾದಲ್ಲಿ ಮೂಗು ಮುಚ್ಚಿಕೊಂಡೆ.

ಸೆಲ್ವಮ್ಮ ಅವರನ್ನು ಕಂಡು ಒಳಗಿನಿಂದ ಓಡಿ ಬಂದರು. ತೊಳೆದ ಬಚ್ಚಲಿನ ನೀರು ಇನ್ನೂ ಕಾಲಲ್ಲಿತ್ತು. "ನೀವು ಹಾಕ್ತೀನಿ ಅಂದಿದ್ರಿ ಸಾರ್. ನಿಮ್ ಮಾತಿಂದ್ಲೇ ಆಯ್ತು. ಇವ್ಳು ಕೆಡ್ಸಿದ್ಲು" ಎಂದು ಬಗ್ಗಿ ಅವರ ಕಾಲು ಮುಟ್ಟಿದರು.

ಈಗ ಹೇಳುತ್ತಾರೆ ಎಂದು ನಾನು ಅವರನ್ನೇ ನೋಡಿದೆ. ಒಂದು ಗಳಿಗೆ ಅವರೂ ನನ್ನನ್ನು ನೋಡಿದರು. ಆಮೇಲೆ ಸೆಲ್ವಮ್ಮನ ಭುಜ ಹಿಡಿದು ಎಬ್ಬಿಸಿದರು.

"ಹೋಗ್ಲಿ ಬಿಡಮ್ಮ. ಸಣ್ಣ ಹುಡುಗಿ, ಕೆಲ್ಸ ಮಾಡೋವಾಗ ತಪ್ಪಾಗುತ್ತೆ. ಬೇಕಂತ ಮಾಡಿದ್ದಲ್ಲ. ಮನಸ್ಸಲ್ಲಿ ಇಟ್ಕೋಬೇಡಿ."

ಸೆಲ್ವಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

"ಸಾರ್ ಹೇಳಿದ್ರು ಅಂತ ಬಿಟ್ಟಿದೀನಿ" ಎಂದರು.

ನಾನು ಆಯಿತು ಎಂದು ತಲೆಯಾಡಿಸಿದೆ.